1,800 ರೂಪಾಯಿಗೆ ಒಂದು ಮಹಾ ಖಿನ್ನತೆ

ನಾನು ನೋಡಿ ಮುಗಿಸಿದ ಒಂದು ಇತಿಹಾಸದ ಪಾಠಮಾಲೆಗೆ ಐದರಲ್ಲಿ ಮೂರೂವರೆ ಸ್ಟಾರ್. ಅರ್ಧ ಸ್ಟಾರ್ ಕಳೆದದ್ದು ಕನ್ನಡ ಸಬ್‌ಟೈಟಲ್‌ಗೆ, ಒಂದು ಪೂರ್ತಿ ಸ್ಟಾರ್ ಕಳೆದದ್ದು ಒಂಬತ್ತನೇ ಪಾಠಕ್ಕೆ. ಮೊತ್ತ ಮೊದಲು ಹೇಳಿ ಆಮೇಲೆ ವಿವರ ಕೊಡುವುದು ನನ್ನ ಹಳೇ ಅಭ್ಯಾಸ. ಕೊಡಗಿನ ನಾಪೋಕ್ಲು ಕಡೆಯ ಒಂದು ವ್ಯವಸಾಯ ಸೇವಾ ಸಹಕಾರ ಸಂಘ, ಅಂದರೆ ಊರವರ ಬಾಯಲ್ಲಿ ಸೊಸೈಟಿ, ಅಲ್ಲಿ ಗುಮಾಸ್ತನಾಗಿ ಸೇರಿ 31 ವರ್ಷ ಕಳೆದ ಮೇಲೆ ಕಾರ್ಯದರ್ಶಿಯಾಗಿ ನಿವೃತ್ತನಾದವನು ನಾನು. ಈಗ ಎರಡೂವರೆ ಎಕರೆ ರೋಬಸ್ಟಾ ಕಾಫಿ, ಸಿಲ್ವರ್ ಓಕಿಗೆ ಹಬ್ಬಿದ ಕರಿಮೆಣಸು, ಮತ್ತು ಮಳೆಗಾಲದಲ್ಲಿ ಎಂತ ಮಾಡುವುದೆಂದು ತಿಳಿಯದ ಸಂಜೆಗಳು.

ಕೊಂಡದ್ದು ಒಂದು ಆನ್‌ಲೈನ್ ಪಾಠಮಾಲೆ. 16 ಪಾಠ, ಒಂದೊಂದು ಮುಕ್ಕಾಲು ಗಂಟೆ. ವಿಷಯ: 1933ರಲ್ಲಿ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್, ದೇಶ ಆರ್ಥಿಕವಾಗಿ ಕುಸಿದು ಬಿದ್ದಾಗ ತಂದ ಕಾರ್ಯಕ್ರಮಗಳು, ಅಂದರೆ ನ್ಯೂ ಡೀಲ್. ಬೆಲೆ 1,800 ರೂಪಾಯಿ, ಒಂದು ವರ್ಷದ ವ್ಯಾಲಿಡಿಟಿ. ಹಣ ಕಟ್ಟಿಕೊಟ್ಟದ್ದು ಮೈಸೂರಿನಲ್ಲಿರುವ ಮಗಳು. "ಅಪ್ಪಾ, ಇದು ಬೇಕಾ ನಿಮಗೆ? ಅಡುಗೆ ಕಲಿಯುವುದು ಒಂದು ಉಂಟು, ಅದು ತಗೊಳ್ಳಿ" ಎಂದಳು. ನನಗೆ ಇದೇ ಬೇಕಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ತರಬೇತಿಯಲ್ಲಿ ಪಾಠ ಮಾಡಿದವರೊಬ್ಬರು, ಅಮೆರಿಕದ ಹಳ್ಳಿಗಳಿಗೆ ಕರೆಂಟ್ ಎಳೆದದ್ದು ನಮ್ಮಂಥ ಸೊಸೈಟಿಗಳು ಎಂದು ಹೇಳಿ ಮುಂದಕ್ಕೆ ಹೋಗಿಬಿಟ್ಟಿದ್ದರು. ಅದು ಹೇಗೆ ಎಂಬ ಪ್ರಶ್ನೆ ಅಂದಿನಿಂದ ನನ್ನ ತಲೆಯಲ್ಲಿ ಬಾಕಿ ಖಾತೆಯ ಹಾಗೆ ಉಳಿದಿತ್ತು.

ಕಂಪನಿಯ ಹೆಸರು ಹಾಕುತ್ತಿಲ್ಲ. ನನ್ನದೊಂದು ದೂರು ಅವರ ಹತ್ತಿರ ಇನ್ನೂ ತೀರ್ಮಾನವಾಗದೆ ಇದೆ. ದೂರು ಬಾಕಿ ಇರುವಾಗ ಹೆಸರು ಹಿಡಿದು ಬೈಯುವುದು ನಮ್ಮ ಸೊಸೈಟಿಯ ಪದ್ಧತಿಯಲ್ಲ.

ಸಬ್‌ಟೈಟಲ್ ವಿಷಯ ಮುಗಿಸಿಬಿಡುತ್ತೇನೆ. ಪಾಠ ಇಂಗ್ಲಿಷಿನಲ್ಲಿದೆ, ಕೆಳಗೆ ಯಂತ್ರ ಬರೆದ ಕನ್ನಡ ಓಡುತ್ತದೆ. ಆರ್ಥಿಕ ಮಹಾಕುಸಿತಕ್ಕೆ ಅವರಲ್ಲಿ ಗ್ರೇಟ್ ಡಿಪ್ರೆಷನ್ ಎನ್ನುತ್ತಾರಲ್ಲ, ಅದನ್ನು ಯಂತ್ರ 'ಮಹಾ ಖಿನ್ನತೆ' ಎಂದು ಬರೆಯಿತು. ಹಾಗಾಗಿ ಮೊದಲ ಪಾಠದಲ್ಲಿ "1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಮಹಾ ಖಿನ್ನತೆ ಶುರುವಾಯಿತು" ಎಂದು ಬಂದಾಗ ನಮ್ಮ ಮನೆಯವಳು "ಪಾಪ, ಎಲ್ಲರಿಗೂ ಒಟ್ಟಿಗೇ ಬಂತಾ?" ಎಂದು ಕೇಳಿದಳು. ಕಾರ್ಖಾನೆಗೆ ಅವರು ಪ್ಲಾಂಟ್ ಎಂದದ್ದು ಇಲ್ಲಿ ಗಿಡವಾಯಿತು: "ಸಾವಿರಾರು ಗಿಡಗಳು ಬಾಗಿಲು ಮುಚ್ಚಿದವು." ಮಸೂದೆ ಪಾಸಾದದ್ದು "ಬಿಲ್ ಪಾವತಿಯಾಯಿತು" ಎಂದಾಯಿತು. ಬ್ಯಾಂಕಿನ ಮುಂದೆ ಜನ ಠೇವಣಿ ವಾಪಸ್ ಕೇಳಲು ಮುಗಿಬಿದ್ದದ್ದು 'ಬ್ಯಾಂಕ್ ಓಟ'. ಗೇಣಿಗೆ ದುಡಿದು ಬೆಳೆಯಲ್ಲಿ ಪಾಲು ಪಡೆಯುವ ಬಡ ರೈತರನ್ನು 'ಹಂಚಿಕೆ ಕತ್ತರಿಸುವವರು' ಎಂದು ಕರೆದಿದೆ. ಈ ಕೊನೆಯ ತಪ್ಪು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮೂರನೇ ಪಾಠದ ಹೊತ್ತಿಗೆ ನಾನು ಸಬ್‌ಟೈಟಲ್ ಆಫ್ ಮಾಡಿದೆ. ಪಾಠ ಮಾಡುವ ಪ್ರೊಫೆಸರು ವಯಸ್ಸಾದವರು, ನಿಧಾನಕ್ಕೆ ಮಾತಾಡುತ್ತಾರೆ, ನನ್ನ ಇಂಗ್ಲಿಷಿಗೆ ಸಾಕು. ಕೋಟಿನ ತೋಳು ಸ್ವಲ್ಪ ಸವೆದಿತ್ತು. ಅದು ನೋಡಿ ನನಗೆ ನಂಬಿಕೆ ಬಂತು.

ಮೊದಲ ಮೂರು ಪಾಠ ಹಿನ್ನೆಲೆ. ದುಡಿಯುವವರಲ್ಲಿ ನಾಲ್ಕಕ್ಕೆ ಒಬ್ಬರಿಗೆ ಕೆಲಸವಿಲ್ಲ. ಊರ ಹೊರಗೆ ತಗಡು, ರಟ್ಟು ಸೇರಿಸಿ ಕಟ್ಟಿಕೊಂಡ ಗುಡಿಸಲುಗಳಿಗೆ ಹಿಂದಿನ ಅಧ್ಯಕ್ಷ ಹೂವರ್ ಅವರ ಹೆಸರನ್ನೇ ಜನ ಇಟ್ಟಿದ್ದರು, ಹೂವರ್‌ವಿಲ್ ಅಂತ. ಇದನ್ನೆಲ್ಲ ಎರಡು ಪಾಠದಲ್ಲಿ ಮುಗಿಸಬಹುದಿತ್ತು. ಆದರೆ ನಾಲ್ಕನೇ ಪಾಠ, ಬ್ಯಾಂಕಿನದ್ದು, ಅದೊಂದಕ್ಕೇ 1,800 ಕೊಡಬಹುದು.

1930ರಿಂದ 1933ರ ಒಳಗೆ ಅಮೆರಿಕದಲ್ಲಿ ಸುಮಾರು 9,000 ಬ್ಯಾಂಕು ಮುಳುಗಿದವು. 1933ರ ಫೆಬ್ರವರಿಯಲ್ಲಿ ಮಿಷಿಗನ್ ರಾಜ್ಯ ತನ್ನ ಬ್ಯಾಂಕುಗಳನ್ನೆಲ್ಲ ಮುಚ್ಚಿಸಿತು. ಅದು ನೋಡಿ ಪಕ್ಕದ ರಾಜ್ಯದವರು ತಮ್ಮ ಬ್ಯಾಂಕಿಗೆ ಓಡಿದರು. ಮಾರ್ಚ್ 4ರ ಶನಿವಾರ ರೂಸ್‌ವೆಲ್ಟ್ ಪ್ರಮಾಣವಚನ ತೆಗೆದುಕೊಳ್ಳುವಾಗ ಹೆಚ್ಚಿನ ರಾಜ್ಯಗಳಲ್ಲಿ ಬ್ಯಾಂಕಿನ ಬಾಗಿಲು ಹಾಕಿತ್ತು, ಇಲ್ಲವೆ ಇಂತಿಷ್ಟೇ ಹಣ ಎಂದು ಮಿತಿ ಹಾಕಿತ್ತು. ಸೋಮವಾರ ಅವರು ಇಡೀ ದೇಶದ ಬ್ಯಾಂಕುಗಳಿಗೆ ರಜೆ ಘೋಷಿಸಿದರು. ಗುರುವಾರ ಒಂದೇ ದಿನದಲ್ಲಿ ಕಾನೂನು ಬಂತು. ಲೆಕ್ಕ ನೋಡಿ ಗಟ್ಟಿ ಇರುವ ಬ್ಯಾಂಕು ಮೊದಲು ತೆರೆಯುವುದು, ಸ್ವಲ್ಪ ಆಧಾರ ಬೇಕಾದದ್ದು ಆಮೇಲೆ, ಸತ್ತದ್ದನ್ನು ಎಬ್ಬಿಸುವುದೇ ಬೇಡ. ಭಾನುವಾರ ರಾತ್ರಿ ರೇಡಿಯೋದಲ್ಲಿ ಅಧ್ಯಕ್ಷರು ಮಾತಾಡಿದರು. ಬ್ಯಾಂಕಿಗೆ ಹಾಕಿದ ಹಣ ಎಲ್ಲಿ ಹೋಗುತ್ತದೆ, ಯಾಕೆ ಎಲ್ಲವೂ ಪೆಟ್ಟಿಗೆಯಲ್ಲೇ ಇರುವುದಿಲ್ಲ ಎಂದು ಮನೆಯ ಹಿರಿಯರು ಕೂತು ಹೇಳಿದ ಹಾಗೆ ಹೇಳಿದರು. ಮಾರನೇ ದಿನ ಬಾಗಿಲು ತೆರೆದಾಗ ಸಾಲು ಇತ್ತು, ಆದರೆ ಜನ ಬಂದದ್ದು ಹಣ ಕಟ್ಟಲಿಕ್ಕೆ. ಮಾರ್ಚ್ 15ಕ್ಕೆ ನ್ಯೂಯಾರ್ಕ್ ಷೇರುಪೇಟೆ ತೆರೆದು ಒಂದೇ ದಿನ ಶೇ. 15ಕ್ಕೂ ಹೆಚ್ಚು ಏರಿತು.

ಪ್ರೊಫೆಸರು ಇದನ್ನು ಮಾತಿನ ಶಕ್ತಿ ಎಂದು ಹೇಳಿ ಕೈ ಎತ್ತಿದರು. ನಾನು ಅಲ್ಲಿ ಪಾಠ ನಿಲ್ಲಿಸಿ ಹೊರಗೆ ಹೋಗಿ ಜಗಲಿಯಲ್ಲಿ ಕೂತೆ. ನನಗೆ ಅದೇ ಅನುಭವ ಆಗಿದೆ, 1990ರ ದಶಕದ ಕೊನೆಯಲ್ಲಿ, ಒಂದು ಸಂತೆ ದಿನ.

ನಮ್ಮ ಕ್ಯಾಷಿಯರ್ ಜ್ವರ ಬಂದು ಮೂರು ದಿನ ಬಂದಿರಲಿಲ್ಲ. ಅಡವಿಟ್ಟ ಚಿನ್ನದ ಜೊತೆ ಪರಾರಿಯಾಗಿದ್ದಾನೆ ಎಂದು ಯಾರೋ ಬಸ್ಸಿನಲ್ಲಿ ಹೇಳಿದರಂತೆ. ಹನ್ನೊಂದು ಗಂಟೆಗೆ ಸೊಸೈಟಿ ವರಾಂಡದಲ್ಲಿ ಕಾಲಿಡಲು ಜಾಗವಿಲ್ಲ. ಆಗ ಅಧ್ಯಕ್ಷರಾಗಿ ಬಂದು ತಿಂಗಳೂ ಆಗಿರದವರು ಮೆಟ್ಟಿಲ ಮೇಲೆ ನಿಂತು, "ಎಲ್ಲರ ಹಣವೂ ಭದ್ರ ಉಂಟು, ಮನೆಗೆ ಹೋಗಿ" ಎಂದು ಚೆನ್ನಾಗಿಯೇ ಭಾಷಣ ಮಾಡಿದರು. ಒಬ್ಬರೂ ಕದಲಲಿಲ್ಲ. ನಾನು ಒಳಗಿನಿಂದ ಮೇಜು ಎಳೆದು ತಂದು, ಇದ್ದ ನಗದು ಎಲ್ಲ ಅದರ ಮೇಲೆ ಪೇರಿಸಿದೆ. ಹತ್ತರ ನೋಟುಗಳನ್ನು ಮುಂದೆ ಇಟ್ಟೆ, ರಾಶಿ ದೊಡ್ಡದು ಕಾಣಲಿ ಅಂತ. ಕೇಳಿದವರಿಗೆಲ್ಲ ಕೊಟ್ಟೆ, ಬೇಕೆಂದೇ ನಿಧಾನವಾಗಿ ಎಣಿಸಿ. ಎರಡು ಗಂಟೆಗೆ ಮಡಿಕೇರಿಯಿಂದ ಜೀಪಿನಲ್ಲಿ ಹಣ ಬಂತು. ಜೀಪು ಕಂಡ ಮೇಲೆ ಅರ್ಧ ಜನ ಸಂತೆ ಕಡೆ ಹೋದರು. ಸಂಜೆ ಹೊತ್ತಿಗೆ ಇಬ್ಬರು ಬೆಳಿಗ್ಗೆ ತೆಗೆದದ್ದನ್ನೇ ಮತ್ತೆ ಕಟ್ಟಲು ಬಂದರು, ತಲೆ ತಗ್ಗಿಸಿಕೊಂಡು.

ಅದಕ್ಕೇ ಹೇಳುವುದು, ರೂಸ್‌ವೆಲ್ಟರ ಮಾತಿನ ಹಿಂದೆ ಜೀಪು ಇತ್ತು. ಆ ಗುರುವಾರದ ಕಾನೂನಿನಲ್ಲೇ, ಬ್ಯಾಂಕಿನ ಆಸ್ತಿಯ ಆಧಾರದ ಮೇಲೆ ಹೊಸ ನೋಟು ಅಚ್ಚು ಹಾಕಿ ಕೊಡಲು ಅನುಮತಿ ಇತ್ತು. ಪ್ರೊಫೆಸರು ಅದನ್ನು ಒಂದು ವಾಕ್ಯದಲ್ಲಿ ಹೇಳಿ ರೇಡಿಯೋ ಭಾಷಣಕ್ಕೆ ಇಪ್ಪತ್ತು ನಿಮಿಷ ಕೊಟ್ಟರು. ಕೌಂಟರಿನ ಒಳಗೆ ಕೂತವರು ಪಾಠ ಮಾಡಿದ್ದರೆ ಅಳತೆ ಬೇರೆ ಇರುತ್ತಿತ್ತು.

ಅದೇ ಪಾಠದಲ್ಲಿ ಠೇವಣಿ ವಿಮೆಯ ಕತೆ ಬರುತ್ತದೆ. ಬ್ಯಾಂಕು ಮುಳುಗಿದರೂ ಇಷ್ಟು ಹಣ ಸರ್ಕಾರ ಖಾತ್ರಿ ಕೊಡುತ್ತದೆ ಎಂಬ ಏರ್ಪಾಡು 1934ರ ಜನವರಿ 1ರಿಂದ ಜಾರಿಗೆ ಬಂತು, ಮೊದಲು 2,500 ಡಾಲರಿಗೆ. ಇದು ರೂಸ್‌ವೆಲ್ಟರಿಗೆ ಮೊದಲಿಗೆ ಇಷ್ಟವೇ ಇರಲಿಲ್ಲವಂತೆ. ಕಾಂಗ್ರೆಸ್ಸಿನವರು, ಅಂದರೆ ಅಲ್ಲಿನ ಸಂಸತ್ತಿನವರು, ಒತ್ತಾಯ ಮಾಡಿ ಸೇರಿಸಿದ್ದು, ಕೊನೆಗೆ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತದ್ದು ಅದೇ. ನಮ್ಮಲ್ಲಿ ಇದು ಬಂದದ್ದು 1962ರ ಜನವರಿ 1ಕ್ಕೆ, 1,500 ರೂಪಾಯಿಗೆ. ಈಗ 5 ಲಕ್ಷ. ಆದರೆ ನಮ್ಮಂಥ ಪ್ರಾಥಮಿಕ ಸೊಸೈಟಿಗಳ ಠೇವಣಿಗೆ ಆ ವಿಮೆ ಇಲ್ಲ. ಇದನ್ನು ಓದುವವರಲ್ಲಿ ಎಷ್ಟು ಜನರಿಗೆ ಗೊತ್ತು? ನನ್ನ ಸರ್ವೀಸಿನಲ್ಲಿ ಠೇವಣಿ ಇಡಲು ಬಂದ ಒಬ್ಬರೂ ಇದನ್ನು ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಐದನೇ ಪಾಠ ಚಿನ್ನ. ಇದು ನಮ್ಮ ಮನೆಯವಳು ಪೂರ್ತಿ ಕೂತು ನೋಡಿದ ಒಂದೇ ಪಾಠ. 1933ರ ಏಪ್ರಿಲ್‌ನಲ್ಲಿ, ಜನ ತಮ್ಮಲ್ಲಿರುವ ಚಿನ್ನದ ನಾಣ್ಯ, ಗಟ್ಟಿಗಳನ್ನು ಬ್ಯಾಂಕಿಗೆ ತಂದು ಕೊಡಬೇಕು ಎಂದು ಆಜ್ಞೆಯಾಯಿತು. ಔನ್ಸಿಗೆ 20.67 ಡಾಲರ್ ಕೊಟ್ಟು ತೆಗೆದುಕೊಂಡು, 1934ರ ಜನವರಿಯಲ್ಲಿ ಸರ್ಕಾರವೇ ಬೆಲೆಯನ್ನು 35 ಡಾಲರಿಗೆ ಏರಿಸಿತು. ಒಡವೆಯ ತಂಟೆಗೆ ಹೋಗಲಿಲ್ಲ ಎಂದು ಕೇಳಿದ ಮೇಲೆಯೇ ಇವಳು ಉಸಿರು ಬಿಟ್ಟದ್ದು. ಪಕ್ಕದ ಮನೆಯ ಅಕ್ಕ ಕೊಡವರು, ಅವರೂ ಬಂದಿದ್ದರು. "ಪತ್ತಾಕ್, ಜೋಮಾಲೆ ಕೇಳಿದ್ದರೆ ಕೋವಿ ತೆಗೆಯುತ್ತಿದ್ದೆವು" ಎಂದರು. ಎರಡೂ ಕೊಡವರ ಚಿನ್ನದ ಒಡವೆಗಳು. 1963ರಲ್ಲಿ ನಮ್ಮ ಸರ್ಕಾರ 14 ಕ್ಯಾರೆಟ್‌ಗಿಂತ ಮೇಲಿನ ಒಡವೆ ಮಾಡಬಾರದೆಂದು ನಿಯಮ ತಂದಾಗ ಅವರ ಅಮ್ಮ ಬೈಯುತ್ತಿದ್ದ ಬೈಗುಳವನ್ನೂ ಹೇಳಿದರು. ಇಲ್ಲಿ ಬರೆಯುವಂಥದ್ದಲ್ಲ.

ಆರನೇ ಪಾಠ ಕಾಡಿನ ಹುಡುಗರದ್ದು, ನನಗೆ ಬಹಳ ಇಷ್ಟವಾದದ್ದು. 18ರಿಂದ 25ರ ಒಳಗಿನ, ಮದುವೆಯಾಗದ, ಕೆಲಸವಿಲ್ಲದ ಹುಡುಗರನ್ನು ಸೇರಿಸಿ ಶಿಬಿರ ಹಾಕಿ ಗಿಡ ನೆಡಿಸುವುದು, ಮಣ್ಣು ಕೊಚ್ಚಿಹೋಗದ ಹಾಗೆ ಒಡ್ಡು ಹಾಕಿಸುವುದು, ಕಾಡಿನ ಬೆಂಕಿ ಆರಿಸುವುದು. ಹೆಸರು ಸಿವಿಲಿಯನ್ ಕನ್ಸರ್ವೇಶನ್ ಕೋರ್, ಸಂಕ್ಷೇಪದಲ್ಲಿ ಸಿಸಿಸಿ. ಶಿಬಿರ ನಡೆಸಿದ್ದು ಸೈನ್ಯ. 1933ರ ಮಾರ್ಚ್ ಕೊನೆಗೆ ಕಾನೂನು, ಜುಲೈ ಹೊತ್ತಿಗೆ ಎರಡೂವರೆ ಲಕ್ಷ ಹುಡುಗರು ಕಾಡಿನಲ್ಲಿ. 1942ರ ತನಕ ಸುಮಾರು 30 ಲಕ್ಷ ಜನ ಅದರಲ್ಲಿ ದುಡಿದು ಹೋದರು, ನೆಟ್ಟ ಗಿಡ ಸುಮಾರು 300 ಕೋಟಿ. ತಿಂಗಳಿಗೆ 30 ಡಾಲರ್ ಕೂಲಿ, ಅದರಲ್ಲಿ 25 ಡಾಲರ್ ನೇರವಾಗಿ ಮನೆಗೆ ಹೋಗಬೇಕು. ಹುಡುಗನ ಕೈಗೆ ಐದೇ.

ಆ ಸಂಜೆ ತೋಟದ ಕಪಾತು ಕೆಲಸಕ್ಕೆ ಬಂದ ಅಸ್ಸಾಮಿನ ಹುಡುಗ ಜಗಲಿಯಲ್ಲಿ ಫೋನ್ ಚಾರ್ಜಿಗೆ ಹಾಕಿ ಕೂತಿದ್ದ. ಅವನಿಗೆ ಕನ್ನಡ ಈಗ ಚೆನ್ನಾಗಿ ಬರುತ್ತದೆ. ಹಳೇ ಕಪ್ಪು ಬಿಳುಪು ಚಿತ್ರದಲ್ಲಿ ಹುಡುಗರು ಸಾಲಾಗಿ ತಟ್ಟೆ ಹಿಡಿದು ಊಟಕ್ಕೆ ನಿಂತದ್ದು ನೋಡಿ "ಇವರು ಯಾವ ಊರಿನವರು ಸಾರ್?" ಎಂದ. ಕೂಲಿಯ ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಐದೂ ಇಟ್ಟುಕೊಳ್ಳುವುದಿಲ್ಲ" ಎಂದ. ಆಮೇಲೆ ಅವರಿಗೆ ಊಟ ಯಾರು ಹಾಕುತ್ತಿದ್ದರು ಎಂದು ಕೇಳಿದ. ಸರ್ಕಾರ ಎಂದೆ. ಊಟ ಚೆನ್ನಾಗಿತ್ತಾ ಎಂದ. ಪ್ರೊಫೆಸರು ಅದನ್ನೂ ಹೇಳಿದ್ದರು: ಶಿಬಿರಕ್ಕೆ ಬಂದ ಹುಡುಗರು ಮೈ ತುಂಬಿಕೊಂಡು ಮನೆಗೆ ಹೋದರಂತೆ. ಕಪ್ಪು ಹುಡುಗರಿಗೆ ಹೆಚ್ಚಿನ ಕಡೆ ಬೇರೆಯೇ ಶಿಬಿರ ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಏಳು, ಎಂಟು ಪಾಠಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೈಗಾರಿಕೆಗಳಿಗೆ ಬೆಲೆ, ಕೂಲಿ, ಕೆಲಸದ ಗಂಟೆ ನಿಗದಿ ಮಾಡುವ ನಿಯಮಾವಳಿ, ಅದನ್ನು ಪಾಲಿಸುವ ಅಂಗಡಿಗೆ ನೀಲಿ ಹದ್ದಿನ ಚಿತ್ರ. ಬ್ರೂಕ್ಲಿನ್‌ನ ಕೋಳಿ ವ್ಯಾಪಾರಿಗಳ ಕೇಸಿನಲ್ಲಿ 1935ರ ಮೇ 27ರಂದು ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಅದನ್ನು ಹೊಡೆದುಹಾಕಿದರು. ಗಿರಾಕಿ ಗೂಡಿನಿಂದ ತನಗೆ ಬೇಕಾದ ಕೋಳಿ ಆರಿಸಿಕೊಳ್ಳಬಾರದು, ಕೈಗೆ ಸಿಕ್ಕಿದ್ದನ್ನೇ ತೆಗೆದುಕೊಳ್ಳಬೇಕು ಎಂದು ನಿಯಮ ಇತ್ತಂತೆ. ಆದಿತ್ಯವಾರ ಬೆಳಿಗ್ಗೆ ನಮ್ಮ ಕೋಳಿ ಅಂಗಡಿಯಲ್ಲಿ ಈ ನಿಯಮ ತಂದು ನೋಡಲಿ, ಕೋರ್ಟಿನ ತನಕ ಹೋಗುವ ಅಗತ್ಯವೇ ಬೀಳುವುದಿಲ್ಲ.

ಈಗ ಒಂಬತ್ತನೇ ಪಾಠ. ರೈತರದ್ದು. ನಾನು ಕಾದು ಕೂತದ್ದು ಇದಕ್ಕೇ, ಒಂದು ಸ್ಟಾರ್ ಹೋದದ್ದೂ ಇಲ್ಲೇ.

ಬೆಳೆ ಹೆಚ್ಚಾಗಿ ಬೆಲೆ ಬಿದ್ದಿದೆ. ಹಾಗಾದರೆ ಕಡಿಮೆ ಬೆಳೆಯಿರಿ, ಬೆಳೆಯದೆ ಬಿಟ್ಟ ಜಮೀನಿಗೆ ಸರ್ಕಾರ ಹಣ ಕೊಡುತ್ತದೆ. 1933ರ ಮೇ 12ರ ಕೃಷಿ ಹೊಂದಾಣಿಕೆ ಕಾನೂನಿನ ತಿರುಳು ಇದು. ಆದರೆ ಕಾನೂನು ಬರುವ ಹೊತ್ತಿಗೆ ಹತ್ತಿ ಗಿಡ ಎದ್ದು ನಿಂತಿತ್ತು, ಹಂದಿ ಮರಿ ಹಾಕಿತ್ತು. ಸುಮಾರು ಒಂದು ಕೋಟಿ ಎಕರೆ ಹತ್ತಿಯನ್ನು ಉತ್ತು ಮಣ್ಣಿಗೆ ಸೇರಿಸಿದರು, ಸುಮಾರು 60 ಲಕ್ಷ ಹಂದಿಗಳನ್ನು ಕೊಂದರು. ಸಾಲಿನ ನಡುವೆ ನಡೆದು ಅಭ್ಯಾಸವಾದ ಹೇಸರಗತ್ತೆಗಳು ಗಿಡದ ಮೇಲೆ ಕಾಲಿಡಲು ಒಪ್ಪಲಿಲ್ಲ ಎಂಬ ಕತೆ ಅಲ್ಲಿ ಪ್ರಸಿದ್ಧವಂತೆ. ಜನ ಹಸಿದಿರುವಾಗ ಇದು ನೋಡಿ ದೇಶ ಬೆಚ್ಚಿಬಿತ್ತು. ಆಮೇಲೆ ಹೆಚ್ಚುವರಿ ಆಹಾರವನ್ನು ಬಡವರಿಗೆ ಹಂಚಲು ಬೇರೆ ಏರ್ಪಾಡು ಮಾಡಿದರು.

ಇದನ್ನು ಕೇಳಿ ಕಾಫಿ ಬೆಳೆಗಾರ ಬೆಚ್ಚುವುದಿಲ್ಲ. ಅದೇ ಹೊತ್ತಿನಲ್ಲಿ ಬ್ರೆಜಿಲ್ ತನ್ನ ಕಾಫಿಯನ್ನು ಸುಡುತ್ತಿತ್ತು. 1931ರಿಂದ 1944ರ ಒಳಗೆ 60 ಕೆಜಿಯ ಸುಮಾರು 7.8 ಕೋಟಿ ಚೀಲ ನಾಶ ಮಾಡಿದರು, ರೈಲಿನ ಎಂಜಿನ್ನಿಗೂ ಉರುವಲಾಗಿ ಹಾಕಿದರು. ನಮ್ಮಲ್ಲಿ ಸುಡಲಿಲ್ಲ, ಪೂಲ್ ಮಾಡಿದರು. ಯುದ್ಧ ಬಂದು ಯುರೋಪಿನ ಪೇಟೆ ಮುಚ್ಚಿದಾಗ ಕಾಫಿ ಬೋರ್ಡು ಬೆಳೆಯನ್ನೆಲ್ಲ ಒಟ್ಟು ಮಾಡಿ ತಾನೇ ಮಾರುವ ಪದ್ಧತಿ ಶುರುವಾಯಿತು. ನಮ್ಮ ಅಪ್ಪ ಕಾಫಿ ಕೊಟ್ಟು ಬಂದು, ಪಾಯಿಂಟಿಗೆ ಇಷ್ಟು ಎಂದು ಕಂತು ಕಂತಾಗಿ ಬರುವ ಹಣಕ್ಕೆ ವರ್ಷಗಟ್ಟಲೆ ಕಾಯುತ್ತಿದ್ದರು. ಕೊನೇ ಕಂತು ಬರುವಾಗ ಯಾವ ವರ್ಷದ ಕಾಫಿಯದ್ದು ಎಂದು ಅವರಿಗೇ ಮರೆತಿರುತ್ತಿತ್ತು. ಬೈಯುತ್ತಲೇ ಇದ್ದರು. 1996ರಲ್ಲಿ ಪೂಲ್ ಪೂರ್ತಿ ಹೋಯಿತು. 2001ರ ಸುಮಾರಿಗೆ ಬೆಲೆ ನೆಲಕ್ಕೆ ಬಿದ್ದಾಗ ಅದೇ ಅಪ್ಪ ಕಣದಲ್ಲಿ ಚೆರ್ರಿ ಹರಡುತ್ತಾ "ಪೂಲ್ ಇರಬೇಕಿತ್ತು" ಎಂದರು. ಬೆಲೆಯನ್ನು ಪೇಟೆಗೆ ಬಿಡಬೇಕಾ, ಸರ್ಕಾರ ಹಿಡಿಯಬೇಕಾ ಎಂಬ ಜಗಳ ನಮ್ಮ ಮನೆಯಲ್ಲಿ ಒಬ್ಬರ ಬಾಯಲ್ಲೇ ಎರಡೂ ಕಡೆಯಿಂದ ನಡೆದಿದೆ.

ಹೀಗಿರುವಾಗ ಪಾಠದಿಂದ ನನಗೆ ಬೇಕಾಗಿದ್ದದ್ದು ಒಂದೇ: ಚೆಕ್ ಯಾರ ಹೆಸರಿಗೆ ಬಂತು? ಬೆಳೆಯದೆ ಬಿಟ್ಟ ಹೊಲ ಯಾರದ್ದು ಎಂದು ಬರೆದುಕೊಂಡವರು ಯಾರು? ಪ್ರೊಫೆಸರು ನಲವತ್ತು ನಿಮಿಷ ವಾಷಿಂಗ್ಟನ್ನಿನಲ್ಲೇ ಸುತ್ತಾಡಿದರು. ಯಾವ ಕಾರ್ಯದರ್ಶಿ ಯಾವ ಸಲಹೆಗಾರನ ಜೊತೆ ಜಗಳ ಮಾಡಿದ, 1936ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೂ ಯಾಕೆ ರದ್ದು ಮಾಡಿತು. ಕೊನೇ ಮೂರು ನಿಮಿಷದಲ್ಲಿ ಮಾತ್ರ ಉತ್ತರ ಬಂತು, ಅವಸರದಲ್ಲಿ.

ಪ್ರತಿ ಜಿಲ್ಲೆಯಲ್ಲೂ ರೈತರದ್ದೇ ಸಮಿತಿ ಮಾಡಿ ಜಾರಿ ಮಾಡಿದರು. ಕೇಳಲು ಚೆಂದ. ದಕ್ಷಿಣದ ಹತ್ತಿ ಸೀಮೆಯಲ್ಲಿ ಆ ಸಮಿತಿಯಲ್ಲಿ ಕೂತವರು ಜಮೀನ್ದಾರರು. ಹಣದ ಹೆಚ್ಚಿನ ಪಾಲು ಅವರಿಗೇ ಹೋಯಿತು. ಪಾಲಿಗೆ ದುಡಿಯುತ್ತಿದ್ದ ಕುಟುಂಬಕ್ಕೆ ಕೊಡಬೇಕಾದದ್ದನ್ನು ಕೊಡದವರು ಬಹಳ. ಜಮೀನು ಕಡಿಮೆ ಉಳುವುದಾದರೆ ಆಳೂ ಕಡಿಮೆ ಸಾಕಲ್ಲ, ಹಾಗೆಂದು ಒಕ್ಕಲೆಬ್ಬಿಸಿದರು. 1934ರಲ್ಲಿ ಅರ್ಕಾನ್ಸಾಸ್‌ನ ಟೈರಾನ್ಜಾ ಎಂಬಲ್ಲಿ ಬಿಳಿಯರು, ಕರಿಯರು ಇಬ್ಬರೂ ಸೇರಿ ಗೇಣಿದಾರರ ಸಂಘ ಕಟ್ಟಿದರು. ಇದ್ದ ಗೇಣಿದಾರರನ್ನು ಇಟ್ಟುಕೊಳ್ಳಲೇಬೇಕು ಎಂದು ನಿಯಮಕ್ಕೆ ಅರ್ಥ ಮಾಡಲು ಹೋದ ಇಲಾಖೆಯ ವಕೀಲರನ್ನು 1935ರ ಫೆಬ್ರವರಿಯಲ್ಲಿ ಕೆಲಸದಿಂದ ತೆಗೆದರು. ಸಬ್‌ಟೈಟಲ್ ಯಂತ್ರ ಆ ಬಡವರನ್ನು 'ಹಂಚಿಕೆ ಕತ್ತರಿಸುವವರು' ಎಂದಿತ್ತಲ್ಲ, ಕತ್ತರಿ ಇದ್ದದ್ದು ಬೇರೆಯವರ ಕೈಯಲ್ಲಿ.

ಇದನ್ನು ನಾನು ಮೇಜಿನ ಈ ಬದಿಯಿಂದ ನೋಡಿದವನು. 2018ರ ಸಾಲಮನ್ನಾದ ಪಟ್ಟಿ ಮಾಡುವಾಗ ಪಹಣಿ, ಆಧಾರ್, ರೇಷನ್ ಕಾರ್ಡ್ ಮೂರೂ ಕೂಡಬೇಕು. ನಮ್ಮ ಜಿಲ್ಲೆಯಲ್ಲಿ ವಂಶಪಾರಂಪರ್ಯವಾಗಿ ಬರುವ ಜಮ್ಮಾ ಬಾಣೆ ಜಮೀನಿನ ಪಹಣಿಯಲ್ಲಿ ಮನೆತನದ ಹಿರಿಯರಾದ ಪಟ್ಟೇದಾರರ ಹೆಸರು ಒಂದು, ತೋಟ ಮಾಡುವವರು ನಾಲ್ಕು ಮನೆ. ಇನ್ನು ತೋಟದ ಕೂಲಿಯವರ ಲೈನ್ ಮನೆಯಲ್ಲಿ ಇದ್ದುಕೊಂಡು ತುಂಡು ಗದ್ದೆ ಪಾಲಿಗೆ ಮಾಡುವವನು ಯಾವ ಕಾಗದದಲ್ಲೂ ಇಲ್ಲ. ಅವನು ಸೊಸೈಟಿಗೆ ಸಾಲಗಾರನೇ ಅಲ್ಲ, ಆದ್ದರಿಂದ ಮನ್ನಾ ಮಾಡಲು ಏನೂ ಇಲ್ಲ. ಅವನ ಸಾಲ ಇದ್ದದ್ದು ಅಂಗಡಿಯಲ್ಲಿ. ಅಂಥ ಒಬ್ಬರು ಬಂದು "ನನ್ನದು ಎಷ್ಟು ಮನ್ನಾ ಆಯ್ತು, ಬರೆದುಕೊಡಿ" ಎಂದು ಕೇಳಿದಾಗ ನಾನು ಲೆಡ್ಜರ್ ತಿರುವಿ ಹಾಕುವ ಹಾಗೆ ನಟಿಸಿದ್ದೇನೆ, ಇಲ್ಲ ಎಂದು ತಕ್ಷಣ ಹೇಳಲು ಬಾಯಿ ಬಾರದೆ. ಯಾರೂ ಮೋಸ ಮಾಡಿದ್ದಲ್ಲ. ಫಾರಂನಲ್ಲಿ ಅವನಿಗೆ ಕಾಲಂ ಇರಲಿಲ್ಲ, ಅಷ್ಟೆ. ಒಂದು ಇಡೀ ಪಾಠ ಆ ಕಾಲಂ ಬಗ್ಗೆ ಮಾಡಬೇಕಿತ್ತು. ಮೂರು ನಿಮಿಷ ಸಾಲದು.

ಹತ್ತರಿಂದ ಹನ್ನೆರಡು ದುಡಿಮೆಯ ಯೋಜನೆಗಳು. 1933ರ ಚಳಿಗಾಲದಲ್ಲಿ ಹ್ಯಾರಿ ಹಾಪ್ಕಿನ್ಸ್ ಎಂಬವರು ಕೆಲವೇ ವಾರಗಳಲ್ಲಿ 40 ಲಕ್ಷ ಜನರಿಗೆ ಕೆಲಸ ಹಚ್ಚಿದ್ದು, ಮಾರ್ಚ್ ಹೊತ್ತಿಗೆ ಖರ್ಚು ನೋಡಿ ನಿಲ್ಲಿಸಿದ್ದು, 1935ರಲ್ಲಿ ಮತ್ತೆ ದೊಡ್ಡದಾಗಿ ಶುರುಮಾಡಿ 1943ರ ತನಕ ಸುಮಾರು 85 ಲಕ್ಷ ಜನರಿಗೆ ಕೆಲಸ ಕೊಟ್ಟದ್ದು. ರಸ್ತೆ, ಸೇತುವೆ, ಶಾಲೆ ಅಲ್ಲದೆ ನಾಟಕದವರಿಗೆ ನಾಟಕದ ಕೆಲಸ, ಚಿತ್ರ ಬರೆಯುವವರಿಗೆ ಗೋಡೆ. ಎಲೆ ಗುಡಿಸಿ ಸಂಬಳ ತೆಗೆದುಕೊಳ್ಳುತ್ತಾರೆ ಎಂದು ಪತ್ರಿಕೆಯವರು ಗೇಲಿ ಮಾಡಿದರಂತೆ. ನಮ್ಮ ಉದ್ಯೋಗ ಖಾತರಿಯ ಚರಂಡಿ ಕೆಲಸ ನೋಡಿ ಕಾರಿನಲ್ಲಿ ಹೋಗುವವರು ಆಡುವ ಮಾತೂ ಅದೇ. ಒಂದು ವ್ಯತ್ಯಾಸ ಉಂಟು, ಅದನ್ನು ಪ್ರೊಫೆಸರು ಹೇಳುವ ಹಾಗಿಲ್ಲ, ನಾನು ಹೇಳುತ್ತೇನೆ: ನಮ್ಮ 2005ರ ಕಾನೂನಿನಲ್ಲಿ ಕೆಲಸ ಕೇಳುವುದು ಹಕ್ಕು ಎಂದು ಬರೆದಿತ್ತು. ಅವರಲ್ಲಿ ಹಣ ಇರುವಷ್ಟು ಕೆಲಸ.

ಹದಿಮೂರನೇ ಪಾಠ, ಕರೆಂಟ್. ತಲೆಯಲ್ಲಿದ್ದ ಬಾಕಿ ಖಾತೆ ಇಲ್ಲಿ ಚುಕ್ತಾ ಆಯಿತು. ಆದರೆ ಪಾಠ ಶುರುವಾಗಿ ಆರು ನಿಮಿಷಕ್ಕೆ ಮರ ಬಿದ್ದು ನಮ್ಮ ಕರೆಂಟ್ ಹೋಯಿತು. ಕೊಡವರ ಕಕ್ಕಡ ತಿಂಗಳ ಮಳೆ, ನಾಪೋಕ್ಲು ರಸ್ತೆಗೆ ಹೊಳೆ ಬಂದಿತ್ತು. ಲೈನ್‌ಮನ್ ಹುಡುಗರು ಸೊಂಟದ ತನಕ ನೀರಿನಲ್ಲಿ ಬರಬೇಕು. ಕರೆಂಟ್ ಬಂದದ್ದು ಐದನೇ ದಿನ. ಅಷ್ಟರಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುವ ದಿನವೂ ಕಳೆದಿತ್ತು.

1935ರಲ್ಲಿ ಅಮೆರಿಕದ ಹತ್ತು ರೈತ ಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಕರೆಂಟ್. ಮೈಲಿಗೆ ಎರಡು ಮೂರು ಮನೆ ಇರುವ ಕಡೆ ತಂತಿ ಎಳೆದರೆ ನಷ್ಟ ಎಂದು ಖಾಸಗಿ ಕಂಪನಿಗಳು ಕೈ ತೊಳೆದುಕೊಂಡಿದ್ದವು. ಆ ವರ್ಷದ ಮೇ ತಿಂಗಳಲ್ಲಿ ಗ್ರಾಮೀಣ ವಿದ್ಯುತ್ತಿಗೆಂದೇ ಒಂದು ಆಡಳಿತ ಮಾಡಿದರು. ಸಾಲ ಕೊಡುತ್ತೇವೆ ಎಂದರೂ ಕಂಪನಿಗಳು ಹೆಚ್ಚು ಉತ್ಸಾಹ ತೋರಿಸಲಿಲ್ಲ. ಆಗ ರೈತರೇ ಮುಂದೆ ಬಂದರು. ಮನೆಗೆ ಐದು ಡಾಲರ್ ಷೇರು ಹಣ ಹಾಕಿ ಸೊಸೈಟಿ ನೋಂದಾಯಿಸಿ, ಸರ್ಕಾರದಿಂದ 25 ವರ್ಷದ ಕಡಿಮೆ ಬಡ್ಡಿಯ ಸಾಲ ತೆಗೆದು, ತಮ್ಮ ಕಂಬ ತಾವೇ ನೆಟ್ಟರು. ಐದು ಡಾಲರ್ ಕೂಡ ಇಲ್ಲದವರನ್ನು ಸೇರಿಸಲು ಮನೆ ಮನೆ ತಿರುಗಿದವರು ಪಕ್ಕದ ಮನೆಯವರೇ. 1950ರ ದಶಕದ ಶುರುವಿಗೆ ಹತ್ತರಲ್ಲಿ ಒಂಬತ್ತು ರೈತ ಮನೆಗಳಲ್ಲಿ ದೀಪ ಇತ್ತು. ಈ ಪಾಠದಲ್ಲಿ ಪ್ರೊಫೆಸರು ಮೊದಲ ಸಲ ಹಳ್ಳಿಗೆ ಇಳಿದರು. ಮಹಾಸಭೆಯ ನಡಾವಳಿ ಪುಸ್ತಕದ ಒಂದು ಪುಟವನ್ನೂ ತೋರಿಸಿದರು. ನಾನು ನಿಲ್ಲಿಸಿ, ದೊಡ್ಡದು ಮಾಡಿ ನೋಡಿದೆ. ಕೋರಂ ಬರೆದ ಜಾಗ, ಸೂಚಕರು, ಅನುಮೋದಕರು, ಎಲ್ಲ ಇದ್ದಲ್ಲೇ ಇತ್ತು. ಅಕ್ಷರ ಮಾತ್ರ ನನ್ನದಕ್ಕಿಂತ ಕೆಟ್ಟದು.

ಹದಿನಾಲ್ಕು, ಪಿಂಚಣಿ. 1935ರ ಆಗಸ್ಟ್ 14ರ ಸಾಮಾಜಿಕ ಭದ್ರತೆಯ ಕಾನೂನು. ಇದರ ಹಿಂದೆ ದುಡಿದ ಫ್ರಾನ್ಸಿಸ್ ಪರ್ಕಿನ್ಸ್ ಆ ದೇಶದ ಮೊದಲ ಮಹಿಳಾ ಸಂಪುಟ ಸಚಿವೆ. ಮೊದಲ ತಿಂಗಳ ಪಿಂಚಣಿ ಪಡೆದವರು ವರ್ಮಾಂಟಿನ ಐಡಾ ಮೇ ಫುಲ್ಲರ್, 1940ರ ಜನವರಿಯಲ್ಲಿ, 22.54 ಡಾಲರ್. ಅವರು ಒಟ್ಟು ಕಟ್ಟಿದ್ದು 24.75 ಡಾಲರ್, ನೂರು ವರ್ಷ ಬದುಕಿ ಪಡೆದದ್ದು 22,888.92 ಡಾಲರ್. ಇಂಥ ಒಬ್ಬ ಸದಸ್ಯೆ ಇದ್ದರೆ ಯಾವ ಸೊಸೈಟಿಯೂ ಉಳಿಯುವುದಿಲ್ಲ ಎಂದು ನಗು ಬಂತು. ಆದರೆ ಮೊದಲ ಕಾನೂನಿನಲ್ಲಿ ಹೊಲದ ಕೂಲಿಗಳು, ಮನೆಕೆಲಸದವರು ಹೊರಗೆ. ಕಪ್ಪು ದುಡಿಮೆಗಾರರಲ್ಲಿ ಹೆಚ್ಚಿನವರು ಈ ಎರಡೇ ಕೆಲಸದಲ್ಲಿದ್ದರು. ಮತ್ತೆ ಕಾಲಂ.

ಹದಿನೈದನೆಯದ್ದರಲ್ಲಿ ಹಿನ್ನಡೆ. 1937ರಲ್ಲಿ ಎಲ್ಲ ಸರಿಯಾಯಿತೆಂದು ಖರ್ಚು ಕಡಿಮೆ ಮಾಡಿದರು. ನಿರುದ್ಯೋಗ ಶೇ. 14ರಿಂದ ಮತ್ತೆ 19ಕ್ಕೆ ಹಾರಿತು. ಕಾಫಿಗೆ ಹೂಮಳೆ ಬಂದು, ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆ ಬಾರದಿದ್ದರೆ ಹೂವು ಕಾಯಿ ಕಟ್ಟುವುದಿಲ್ಲ, ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾದರೆ ಕುಸಿತ ನಿಂತದ್ದು ನ್ಯೂ ಡೀಲಿನಿಂದಲಾ, ಯುದ್ಧದ ಖರ್ಚಿನಿಂದಲಾ? ಪ್ರೊಫೆಸರು ಎರಡೂ ವಾದ ಇಟ್ಟು, ಕೆಲಸ ಎಲ್ಲರಿಗೂ ಸಿಕ್ಕಿದ್ದು ಯುದ್ಧ ಬಂದ ಮೇಲೆಯೇ ಎಂದು ಒಪ್ಪಿಕೊಂಡರು. ಪ್ರಾಮಾಣಿಕ ಮನುಷ್ಯ. ಕೊನೇ ಪಾಠ ಪ್ರಶ್ನೋತ್ತರ, ಬಿಟ್ಟರೂ ನಷ್ಟವಿಲ್ಲ.

ಇನ್ನು ಸೇವೆಯ ಬಗ್ಗೆ. ಡೌನ್‌ಲೋಡ್ ಮಾಡಿಟ್ಟು ನೋಡುವ ವ್ಯವಸ್ಥೆ ಇದೆ, ನೆಟ್‌ವರ್ಕ್ ಕಣದ ಮೂಲೆಯಲ್ಲಿ ಮಾತ್ರ ಸಿಗುವ ನನ್ನಂಥವರಿಗೆ ಅದು ದೊಡ್ಡ ಉಪಕಾರ. ಪ್ರತಿ ಪಾಠಕ್ಕೆ ಹತ್ತು ಪ್ರಶ್ನೆಯ ಕ್ವಿಜ್. ನಾಲ್ಕನೇ ಪಾಠದ್ದರಲ್ಲಿ, ಠೇವಣಿ ವಿಮೆಯ ಮೊದಲ ಮಿತಿ 5,000 ಡಾಲರ್ ಎಂಬುದನ್ನು ಸರಿ ಉತ್ತರ ಎಂದು ಹಾಕಿದ್ದಾರೆ. ಅದು 1934ರ ಮಧ್ಯದಲ್ಲಿ ಏರಿಸಿದ ಮೇಲಿನ ಮಿತಿ. ಪಾಠದಲ್ಲೇ 2,500 ಎಂದಿದೆ. ನನಗೆ ಹತ್ತಕ್ಕೆ ಒಂಬತ್ತು ಬಂತು. ಇದೇ ನನ್ನ ದೂರು. ಮೊದಲು "ನಿಮ್ಮ ಅನುಭವ ನಮಗೆ ಮುಖ್ಯ" ಎಂದು ಉತ್ತರ, ಎರಡನೆಯ ಸಲ ಪಾಸ್‌ವರ್ಡ್ ಬದಲಿಸಿ ನೋಡಿ ಎಂದು ಉತ್ತರ, ಮೂರನೆಯ ಸಲ ಸಂಬಂಧಪಟ್ಟ ತಂಡಕ್ಕೆ ಕಳಿಸಿದ್ದೇವೆ ಎಂದು ಉತ್ತರ. ಒಂದು ಅಂಕಕ್ಕೆ ಇಷ್ಟು ಪತ್ರ ಯಾಕೆ ಎಂದು ಮಗಳು ಕೇಳುತ್ತಾಳೆ. ಒಂದು ರೂಪಾಯಿ ತಾಳೆಯಾಗದೆ ರಾತ್ರಿ ಹತ್ತರ ತನಕ ಸೊಸೈಟಿಯಲ್ಲಿ ಕೂತವನಿಗೆ ಕೇಳುವ ಪ್ರಶ್ನೆ ಅಲ್ಲ ಅದು.

ಸರ್ಟಿಫಿಕೇಟ್ ಬಂದಿದೆ. ಇವಳು ಅದನ್ನು ಮಗಳ ಡಿಗ್ರಿ ಫೋಟೋದ ಪಕ್ಕ ತೂಗುಹಾಕಿದ್ದಾಳೆ. ವ್ಯಾಲಿಡಿಟಿ ಮುಂದಿನ ಜೂನ್ ತನಕ ಉಂಟು. ಒಂದು ಖಾತೆಯಲ್ಲಿ ಎಷ್ಟು ಜನ ನೋಡಬಹುದು ಎಂದು ನಿಯಮದಲ್ಲಿ ಹುಡುಕಿದೆ, ಒಂದೇ ಪರದೆ ಎಂದು ಬರೆದಿದ್ದಾರೆ, ಪರದೆಯ ಮುಂದೆ ಎಷ್ಟು ಕುರ್ಚಿ ಎಂದು ಬರೆದಿಲ್ಲ. ಅಸ್ಸಾಮಿನ ಹುಡುಗ ಆರನೇ ಪಾಠ ತನ್ನ ಲೈನಿನವರಿಗೆಲ್ಲ ತೋರಿಸಬೇಕು ಎಂದಿದ್ದಾನೆ. ಈ ಆದಿತ್ಯವಾರ ಸಂಜೆ ಆರಕ್ಕೆ, ನಮ್ಮ ಕಣದಲ್ಲಿ. ಮಳೆ ಬಂದರೆ ಗೋಡೌನಿನ ಒಳಗೆ. ಬರುವವರು ಕುರ್ಚಿ ತಂದರೆ ಒಳ್ಳೆಯದು.